ಬೆಲ್ಲದ ಪೊಟ್ಟಣದ ಮೇಲಿನ ಆ ಒಂದು ಸಾಲು

ಬೆಳಕು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಆಲೆಮನೆಯ ತಗಡಿನ ಮಾಡಿನ ಕೆಳಗೆ ಕೊಪ್ಪರಿಗೆಯ ತುಂಬ ಕಬ್ಬಿನ ಹಾಲು ಕುದಿಯುತ್ತಿದೆ. ಆವಿ ಎಷ್ಟು ದಟ್ಟವಾಗಿದೆಯೆಂದರೆ ಒಲೆಕಟ್ಟೆಯ ಆಚೆ ನಿಂತವರ ಮುಖ ಕಾಣುವುದಿಲ್ಲ, ಬರೀ ಕೆಮ್ಮು ಕೇಳಿಸುತ್ತದೆ. ಈಚೆ ಬದಿಯಲ್ಲಿ ತಲೆಗೆ ಬಟ್ಟೆ ಬಿಗಿದು, ಗಂಡನ ಹಳೆಯ ತುಂಬುತೋಳಿನ ಅಂಗಿಯನ್ನು ಮೇಲೆ ತೊಟ್ಟುಕೊಂಡ ಹೆಂಗಸೊಬ್ಬಳು ಆಳೆತ್ತರದ ಹಿಡಿಯ ಜಾಲರಿ ಸೌಟಿನಿಂದ ನೊರೆ ತೆಗೆಯುತ್ತಿದ್ದಾಳೆ. ಬೆಂಡೆಗಿಡದ ಕಾಂಡ ಜಜ್ಜಿ ಹಿಂಡಿದ ಲೋಳೆಯನ್ನು ಹಾಲಿಗೆ ಬೆರೆಸಿ ಸ್ವಲ್ಪ ಹೊತ್ತಾಗಿದೆ. ಆ ಲೋಳೆ ಕಸವನ್ನೆಲ್ಲ ಮೇಲೆತ್ತಿ ತರುತ್ತದೆ, ಇವಳು ಅದನ್ನು ಬಾಚಿ ಬಾಚಿ ಪಕ್ಕದ ತೊಟ್ಟಿಗೆ ಚೆಲ್ಲುತ್ತಾಳೆ. ಒಲೆಗೆ ಒಣಸಿಪ್ಪೆ ತುಂಬುವವನು ಬೆಂಕಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಇವಳ ಮುಖವನ್ನೇ ನೋಡುತ್ತಾನೆ. ಹುಬ್ಬು ಗಂಟಿಕ್ಕಿದರೆ ಉರಿ ತಗ್ಗಿಸಬೇಕು, ಗದ್ದ ಮೇಲೆದ್ದರೆ ಇನ್ನೊಂದು ಹೊರೆ ತುರುಕಬೇಕು.

ಕುದಿಯುವ ಹಾಲಿನ ಸದ್ದು ನಿಧಾನಕ್ಕೆ ಬದಲಾಗುತ್ತದೆ. ಮೊದಲು ಜಡಿಮಳೆಯಂತೆ ಸುಯ್ಯೆನ್ನುತ್ತಿದ್ದದ್ದು ಗಟ್ಟಿಯಾಗುತ್ತಾ ಬಂದ ಹಾಗೆ ಪಚ್ ಪಚ್ ಎಂದು ಬಾಯಿ ಚಪ್ಪರಿಸತೊಡಗುತ್ತದೆ. ಅವಳು ಸೌಟಿನ ತುದಿಯಿಂದ ಒಂದು ಎಳೆ ಪಾಕವನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಬಟ್ಟಲಿನ ಅಂಚಿಗೆ ತಟ್ಟಿ ನೋಡುತ್ತಾಳೆ. ಇನ್ನೂ ಇಲ್ಲ. ಮತ್ತೊಮ್ಮೆ ತಟ್ಟುತ್ತಾಳೆ. ಈ ಸಲ 'ಟಕ್' ಎನ್ನುತ್ತದೆ.

"ಇಳಿಸಿ" ಎನ್ನುತ್ತಾಳೆ.

ನಾಲ್ಕು ಜನ ನಾಲ್ಕು ಕಡೆಯಿಂದ ಕೊಪ್ಪರಿಗೆಯ ಬಳೆಗಳಿಗೆ ಕಂಬಿ ತೂರಿಸಿ ಎತ್ತಿ, ಮಗ್ಗುಲಿನ ಮರದ ತೊಟ್ಟಿಗೆ ಬಗ್ಗಿಸುತ್ತಾರೆ. ಕಂದುಬಣ್ಣದ ಪಾಕ ತಡೆದು ತಡೆದು ಹರಿದು, ಮೂಲೆಗೆ ತಲುಪಿ, ಉಸಿರು ಬಿಟ್ಟಂತೆ ಮಟ್ಟಸವಾಗುತ್ತದೆ. ಅವಳು ತಲೆಯ ಬಟ್ಟೆ ಬಿಚ್ಚಿ ಕತ್ತು ಒರೆಸಿಕೊಳ್ಳುತ್ತಾಳೆ. ದಿನದ ಮೊದಲ ಕೊಪ್ಪರಿಗೆ ಇಳಿಯಿತು. ಕತ್ತಲಾಗುವುದರೊಳಗೆ ಇನ್ನೂ ಎರಡು ಇಳಿಯಬೇಕು.

ಇವಳನ್ನು ಎಲ್ಲರೂ ಕರೆಯುವುದು ಪಾಕದಕ್ಕ ಎಂದೇ. ಇವಳಿಗಿಂತ ಹತ್ತು ವರ್ಷ ದೊಡ್ಡವನಾದ ಒಲೆಯವನೂ ಅಕ್ಕ ಅನ್ನುತ್ತಾನೆ, ಆಲೆಮನೆಯ ಯಜಮಾನರೂ ಅಕ್ಕ ಅನ್ನುತ್ತಾರೆ. ಇವಳು ಊರಿಗೆಲ್ಲ ಅಕ್ಕ ಆದಮೇಲೆ ಇವಳ ಗಂಡ ಊರಿಗೆಲ್ಲ ಭಾವ ಆಗಿದ್ದಾನೆ. ಈ ಭಾವ ಬಾಗಿಲ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂತು ಆರಿದ ಬೆಲ್ಲದಚ್ಚುಗಳನ್ನು ಪೊಟ್ಟಣಕ್ಕೆ ತುಂಬುತ್ತಾನೆ. ಎಡಗಾಲು ಮೊಣಕಾಲಿನ ಕೆಳಗಿಲ್ಲ. ಅಲ್ಲಿ ಮರದ ಬಣ್ಣದ ಪ್ಲಾಸ್ಟಿಕ್ ಕಾಲು ಇದೆ. ಸೆಖೆ ಹೆಚ್ಚಾದಾಗ ಅದನ್ನು ಬಿಚ್ಚಿ, ಛತ್ರಿಯ ಹಾಗೆ ಗೋಡೆಗೆ ಒರಗಿಸಿ ಇಡುತ್ತಾನೆ. ಹೊಸದಾಗಿ ಬಂದವರು ಬೆಚ್ಚಿದರೆ, "ಹೆದರ್ಬೇಡಿ, ಅದು ನಡೆದುಕೊಂಡು ಎಲ್ಲೂ ಹೋಗಲ್ಲ" ಎನ್ನುತ್ತಾನೆ.

ಒಂದು ಕಾಲಕ್ಕೆ ಕೊಪ್ಪರಿಗೆಯ ಮುಂದೆ ನಿಲ್ಲುತ್ತಿದ್ದವನು ಅವನೇ. ಮದುವೆಯಾಗಿ ಬಂದ ಹೊಸತರಲ್ಲಿ ಅಕ್ಕನ ಕೆಲಸ ಕಬ್ಬಿನ ಸಿಪ್ಪೆ ಒಣಹಾಕುವುದು, ಒಣಗಿದ್ದನ್ನು ಹೊತ್ತು ತಂದು ಒಲೆಬಾಯಿಗೆ ಸುರಿಯುವುದು. ಹೊರೆ ಇಳಿಸಿ ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲೆಲ್ಲ ಕಣ್ಣು ಮಾತ್ರ ಗಂಡನ ಕೈಯ ಮೇಲೆ. ಕಲಿಸಿದವರಿಲ್ಲ. ಹೆಂಗಸರು ಪಾಕ ಇಳಿಸಿದ್ದನ್ನು ಆ ಸುತ್ತಿನಲ್ಲಿ ಯಾರೂ ಕಂಡಿರಲಿಲ್ಲ. ಪಾಕ ನೋಡುವವನ ಮಾತಿಗೆ ಆಲೆಮನೆಯಲ್ಲಿ ತಕರಾರಿಲ್ಲ. ಸ್ವಲ್ಪ ಮುಂಚೆ ಇಳಿಸಿದರೆ ಬೆಲ್ಲ ಅಚ್ಚಿನಿಂದ ಬಿಡದೆ ಅಂಟಿ ಅಳುತ್ತದೆ, ಸ್ವಲ್ಪ ತಡವಾದರೆ ಸೀದು ಕಹಿಯಾಗುತ್ತದೆ. ಗಾಡಿಗಟ್ಟಲೆ ಕಬ್ಬಿನ ಹಣೆಬರಹ ಆ ಒಂದು ಗಳಿಗೆಯಲ್ಲಿದೆ.

ಭಾವನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದದ್ದು ನಲವತ್ತರ ಆಸುಪಾಸಿನಲ್ಲಿ. ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಬಿಡಿ ಎಂದರು. ಬಿಟ್ಟ. ಬಿಟ್ಟನೆಂದರೆ ನಿಜಕ್ಕೂ ಬಿಟ್ಟ, ಅಂಗಡಿಯ ಸಿಹಿತಿಂಡಿಯ ಕಡೆ ಕತ್ತು ಹೊರಳಿಸಲಿಲ್ಲ. ಟೀಗೆ ಬೆಲ್ಲ ಹಾಕಿಸಿಕೊಂಡ. ಸಕ್ಕರೆ ಬಿಟ್ಟ ಬೇಜಾರಿಗೆ ಮಧ್ಯಾಹ್ನ ಊಟದ ಮೇಲೆ ಒಂದು ತುಂಡು, ಸಂಜೆ ಕೊಪ್ಪರಿಗೆ ತೊಳೆಯುವ ಮುಂಚೆ ತಳದಲ್ಲಿ ಅಂಟಿದ್ದರ ಒಂದು ಚೂರು. ಬೆಲ್ಲ ತಾನೆ, ಹಸಿರು ಗಿಡದಿಂದ ಬಂದದ್ದು, ಕಣ್ಣೆದುರೇ ಕಾಸಿದ್ದು, ಅದರಿಂದೇನು ಕೆಡುಕು ಎಂದು ಅವನೂ ಅಂದುಕೊಂಡ, ಹೆಂಡತಿಯೂ ಅಂದುಕೊಂಡಳು, ಆಲೆಮನೆಯ ಉಳಿದವರೂ ಹಾಗೆಯೇ ಅಂದರು. ಬೆಲ್ಲ ಕಾಸುವವರ ನಡುವೆ ಬೆಲ್ಲದ ಮೇಲೆ ಅನುಮಾನ ಪಡುವವರು ಯಾರಿರುತ್ತಾರೆ?

ಒಂದು ದಿನ ಕಬ್ಬಿನ ಸೀಳು ಪಾದಕ್ಕೆ ಹೊಕ್ಕಿತು. ಅವನಿಗೆ ಗೊತ್ತೇ ಆಗಲಿಲ್ಲ. ಪಾದ ಅಷ್ಟರಲ್ಲಿ ಮರಗಟ್ಟಿ ಹೋಗಿತ್ತು. ವಾಸನೆ ಬಂದ ಮೇಲೆ ಅಕ್ಕ ಕಾಲು ಎತ್ತಿ ನೋಡಿದಳು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಹೆಬ್ಬೆರಳು ಕಪ್ಪಗಾಗಿತ್ತು. ಮೊದಲು ಪಾದ ತೆಗೆದರು, ಗಾಯ ಮಾಯದೆ ಮತ್ತೆ ಮೊಣಕಾಲಿನ ಕೆಳಗೆ ತೆಗೆದರು.

ವಾರ್ಡಿನ ನರ್ಸಮ್ಮ ಊಟ ತಿಂಡಿಯ ವಿವರ ಕೇಳಿದಾಗ ಭಾವ ಹೆಮ್ಮೆಯಿಂದಲೇ ಹೇಳಿದನಂತೆ, ಸಕ್ಕರೆ ಮುಟ್ಟಿ ವರ್ಷಗಳಾದವು, ಬರೀ ಬೆಲ್ಲ ಅಂತ. ನರ್ಸಮ್ಮ ಕೈಯಲ್ಲಿದ್ದುದನ್ನು ಕೆಳಗಿಟ್ಟು ಮಂಚದ ತುದಿಗೆ ಕೂತರು. ಬೈಯಲಿಲ್ಲ. ಸಮಾಧಾನದಿಂದ ಬಿಡಿಸಿ ಹೇಳಿದರು. ಬೆಲ್ಲದಲ್ಲಿ ಕಬ್ಬಿಣದ ಅಂಶ ಇದೆ, ಬೇರೆ ಲವಣಗಳೂ ಒಂದಿಷ್ಟು ಇವೆ, ಬಿಳಿ ಸಕ್ಕರೆಯಲ್ಲಿ ಅವನ್ನೆಲ್ಲ ತೊಳೆದು ತೆಗೆದಿರುತ್ತಾರೆ, ಅದು ನಿಜ. ಆದರೆ ಅವು ಚಿಟಿಕೆಯಷ್ಟು. ಮಿಕ್ಕಿದ್ದೆಲ್ಲ ಸಕ್ಕರೆಯೇ. ಹೊಟ್ಟೆಗೆ ಹೋದಮೇಲೆ ರಕ್ತಕ್ಕೆ ಬಣ್ಣದ ಭೇದ ತಿಳಿಯುವುದಿಲ್ಲ. ಆರೋಗ್ಯವಂತರು ಹಿತಮಿತವಾಗಿ ತಿಂದರೆ ಚೆನ್ನ, ಈ ಕಾಯಿಲೆ ಇದ್ದವರಿಗೆ ಎರಡೂ ಒಂದೇ.

ಅಕ್ಕ ಆ ಮಾತನ್ನು ಇವತ್ತಿಗೂ ನರ್ಸಮ್ಮನ ದನಿಯಲ್ಲೇ ಹೇಳುತ್ತಾಳೆ. ಭಾವ ಮಾತ್ರ, ಕೇಳಿ ಬರೆದುಕೊಳ್ಳಲು ಬಂದವರ ಕಡೆ ತಿರುಗಿ, ಅದಕ್ಕೊಂದು ಬಾಲ ಸೇರಿಸುತ್ತಾನೆ. "ಬೆಲ್ಲ ನನ್ನ ಕಾಲು ತಿಂತು ಅಂತ ಬರೀಬೇಡಿ ಮತ್ತೆ. ಪಾಪ ಅದೇನ್ ಮಾಡುತ್ತೆ. ನಾನು ಅದನ್ನ ತಿಂದೆ, ಅಷ್ಟೆ."

ಅವನು ಆಸ್ಪತ್ರೆಯಲ್ಲಿದ್ದಾಗಲೇ ಅಕ್ಕ ಕೊಪ್ಪರಿಗೆಯ ಮುಂದೆ ನಿಂತದ್ದು. ಕಬ್ಬು ಕಡಿದು ಬಿದ್ದಿತ್ತು, ಕಡಿದ ಕಬ್ಬು ಯಾರ ಆಸ್ಪತ್ರೆಗೂ ಕಾಯುವುದಿಲ್ಲ, ಹುಳಿಯುತ್ತದೆ. ಬೇರೆ ಗತಿಯಿಲ್ಲದೆ ಯಜಮಾನರು ಹೂಂ ಅಂದರು. ಮೊದಲ ಕೊಪ್ಪರಿಗೆ ಸೀದಿತು. ಎರಡನೆಯದು ಗಟ್ಟಿಯಾಗಲೇ ಇಲ್ಲ. ಹೆಂಗಸರ ಕೈಗೆ ಕೊಟ್ಟರೆ ಹೀಗೇ ಎಂದವರಿಗೇನೂ ಬರವಿರಲಿಲ್ಲ. ಅವಳು ದಿನವೂ ಆ ದಿನದ ಬೆಲ್ಲದ ತುಂಡೊಂದನ್ನು ಕಾಗದದಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ಯುತ್ತಿದ್ದಳು. ತಿನ್ನಿಸುವುದಕ್ಕಲ್ಲ. ಭಾವ ಮಲಗಿದಲ್ಲೇ ಅದನ್ನು ಮುರಿದು, ಮುರಿದ ಮೈಯ ಹರಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಸಿ, "ಕೊನೇಲಿ ಉರಿ ಜಾಸ್ತಿ ಆಯ್ತು" ಅಂತಲೋ "ನೊರೆ ಇನ್ನೂ ತೆಗೀಬೇಕಿತ್ತು" ಅಂತಲೋ ಹೇಳಿ ಕಾಗದ ಮಡಚಿ ವಾಪಸು ಕೊಡುತ್ತಿದ್ದ. ಪಕ್ಕದ ಹಾಸಿಗೆಯವರು ಇವರನ್ನು ನೋಡಿ, ಗಂಡನಿಗೆ ತಿಂಡಿ ತಂದು ಮೂಗಿಗೆ ತೋರಿಸಿ ಒಯ್ಯುವ ಹೆಂಡತಿಯನ್ನು ಇಲ್ಲೇ ಕಂಡದ್ದು ಅಂದರಂತೆ. ಭಾವ ಮನೆಗೆ ಬರುವ ಹೊತ್ತಿಗೆ ಅವನು ಮುರಿದು ನೋಡಿ ಸುಮ್ಮನೆ ವಾಪಸು ಕೊಡುವಂಥ ಬೆಲ್ಲ ಅವಳ ಕೈಯಿಂದ ಇಳಿಯತೊಡಗಿತ್ತು.

ಹೀಗೆ ವರ್ಷಗಳು ಕಳೆದವು. ಮೊದಲೆಲ್ಲ ಬೆಲ್ಲ ಪೊಟ್ಟಣವಿಲ್ಲದೆ, ಅಚ್ಚುಗಳಾಗಿಯೇ ಗೋಣಿಯಲ್ಲಿ ಹೋಗುತ್ತಿತ್ತು. ಹಿಂದಿನ ಸುಗ್ಗಿಗೆ ಮುಂಚೆ ಪಟ್ಟಣದ ಸಗಟು ವ್ಯಾಪಾರಿಯೊಬ್ಬ ಬಂದ. ಈಗ ಜನ ಸಕ್ಕರೆ ಬಿಟ್ಟು ಬೆಲ್ಲಕ್ಕೆ ತಿರುಗುತ್ತಿದ್ದಾರೆ, ಚಂದದ ಪೊಟ್ಟಣದಲ್ಲಿ ಕೊಟ್ಟರೆ ನೀವು ಕಾಸಿದಷ್ಟನ್ನೂ ನಾನೇ ಒಯ್ಯುತ್ತೇನೆ ಎಂದ. ಯಜಮಾನರಿಗೆ ಅದು ಹಸಿದವನೆದುರು ಎಲೆ ಹಾಕಿದಂತಾಯಿತು. ಅದುವರೆಗೆ ಎರಡು ಕೊಪ್ಪರಿಗೆ ಇಳಿಯುತ್ತಿದ್ದ ಕಡೆ ನಾಲ್ಕು ಇಳಿಯತೊಡಗಿದವು, ಹೊಸದಾಗಿ ಜನ ಸೇರಿದರು. ಪೊಟ್ಟಣವೂ ಬಂತು. ದಪ್ಪ ಕಾಗದದ್ದು, ಮೇಲೆ ಕಬ್ಬಿನ ಚಿತ್ರ, ಹಿಂದೆ ಬೆಲ್ಲದ ಗುಣಗಾನ. ಕಬ್ಬಿಣಾಂಶವಿದೆ. ಜೀರ್ಣಕ್ಕೆ ಒಳ್ಳೆಯದು. ಗಂಟಲಿಗೆ ಹಿತ. ಅದರ ಕೆಳಗೆ ತುಸು ದಪ್ಪಕ್ಷರದಲ್ಲಿ, ಸಕ್ಕರೆ ಕಾಯಿಲೆಯವರೂ ನಿಶ್ಚಿಂತೆಯಿಂದ ಸೇವಿಸಬಹುದು.

ಓದಿದವನು ಭಾವ. ಸ್ಟೂಲಿನ ಮೇಲೆ ಕೂತು ಮೊದಲ ಕಟ್ಟು ಬಿಚ್ಚಿ, ಒಂದನ್ನು ತಿರುಗಿಸಿ ನೋಡಿ, ನಗುತ್ತಲೇ ಹೆಂಡತಿಯನ್ನು ಕರೆದ. ಅವನಿಗೆ ತಮಾಷೆಯಾಗಿ ಕಂಡಿತ್ತು. ಅಕ್ಕನಿಗೆ ಕಾಣಲಿಲ್ಲ. ಸೌಟನ್ನು ಒಲೆಯವನ ಕೈಗೆ ಕೊಟ್ಟು, ಪೊಟ್ಟಣ ಹಿಡಿದು ಯಜಮಾನರ ಕೋಣೆಗೆ ಹೋದಳು.

ಯಜಮಾನರು ಕೆಟ್ಟವರೇನಲ್ಲ. ಭಾವನ ಆಸ್ಪತ್ರೆಯ ಖರ್ಚಿಗೆ ಕೈಯೊಡ್ಡುವ ಮುಂಚೆಯೇ ಕೊಟ್ಟವರು. ಕಾಲು ಹೋದವನನ್ನು ಬಿಡಿಸದೆ ಕೂರುವ ಕೆಲಸ ಹುಡುಕಿ ಕೊಟ್ಟವರು. ಆ ಸಾಲು ತಮ್ಮದಲ್ಲ, ವ್ಯಾಪಾರಿ ಬರೆಸಿದ್ದು, ಎಲ್ಲ ಬೆಲ್ಲದ ಮೇಲೂ ಹೀಗೇ ಹಾಕುತ್ತಾರಂತೆ, ಪೊಟ್ಟಣದ ಹಿಂಬದಿ ಓದುವವರಾದರೂ ಯಾರು ಎಂದು ಸಮಜಾಯಿಷಿ ಹೇಳಿದರು. ಅದನ್ನು ತೆಗೆದರೆ ಅವನು ಬೇರೆ ಆಲೆಮನೆ ನೋಡಿಕೊಳ್ಳುತ್ತಾನೆ ಎಂದೂ ಹೇಳಿದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, ಮುಂದಿನ ಸಲ ಪೊಟ್ಟಣ ಅಚ್ಚು ಹಾಕಿಸುವಾಗ ನೋಡೋಣ ಎಂದರು.

"ಮುಂದಿನ ಸಲದವರೆಗೆ ನಾನು ಪಾಕ ಇಳಿಸಲ್ಲ" ಎಂದಳು ಅಕ್ಕ.

ಇದನ್ನು ಹೇಳುವಾಗ ಅವಳ ದನಿ ಏರಿರಲಿಲ್ಲ ಎಂದು ಕೊಪ್ಪರಿಗೆಯ ಬಳಿಯಿಂದಲೇ ಕೇಳಿಸಿಕೊಂಡ ಒಲೆಯವನು ಸಾಕ್ಷಿ ಹೇಳುತ್ತಾನೆ. ಆ ದಿನದ ಕೊಪ್ಪರಿಗೆಯನ್ನು ಪೂರ್ತಿ ಮಾಡಿ, ಸೌಟು ತೊಳೆದಿಟ್ಟು, ಗಂಡನ ಕೈಹಿಡಿದು ನಡೆಸಿಕೊಂಡು ಮನೆಗೆ ಹೋದಳು.

ತಾನಿಲ್ಲದೆ ಒಲೆ ಆರುತ್ತದೆ ಎಂಬ ಭ್ರಮೆ ಅವಳಿಗಿರಲಿಲ್ಲ, ಆರಲೂ ಇಲ್ಲ. ಎರಡೇ ದಿನದಲ್ಲಿ ಬೇರೆ ಕಡೆಯಿಂದ ಪಾಕ ನೋಡುವವನೊಬ್ಬ ಬಂದ. ಒಳ್ಳೆಯ ಕೆಲಸಗಾರ. ಅವನ ಬೆಲ್ಲವೂ ಚೆನ್ನಾಗಿಯೇ ಇತ್ತು, ಅದನ್ನು ಅಕ್ಕನೇ ಒಪ್ಪುತ್ತಾಳೆ. ಎರಡು ಕೋಣೆಯ ಮನೆಯಲ್ಲಿ ಗಂಡ ಹೆಂಡತಿ ಎದುರುಬದುರು ಕೂತರು. ಅವಳು ಬೇರೆಯವರ ಹೊಲದಲ್ಲಿ ಕಳೆ ತೆಗೆಯಲು ಹೋದಳು, ಅವನು ಬಾಗಿಲಲ್ಲಿ ಕೂತು ಹೋಗಿಬರುವವರನ್ನು ಮಾತಾಡಿಸಿದ. ಹಟ ಯಾಕೆ, ಲೋಕದ ಡೊಂಕನ್ನು ನೀನೊಬ್ಬಳೇ ತಿದ್ದುತ್ತೀಯಾ ಎಂದು ನೆರೆಯವರು ಕೇಳಿದರು. ಮದುವೆಯಾಗಿ ಬೇರೆ ಊರಲ್ಲಿರುವ ಮಗಳು ಫೋನಿನಲ್ಲಿ ಅದನ್ನೇ ಕೇಳಿದಳು. ರಾತ್ರಿ ಭಾವನೂ ಒಮ್ಮೆ ಕೇಳಿದನಂತೆ.

"ಲೋಕ ತಿದ್ದೋಕಲ್ಲ ಕಣ್ರೀ ಅಂದೆ" ಎನ್ನುತ್ತಾಳೆ ಅಕ್ಕ. "ನಮಗೆ ಯಾರೂ ಹೇಳಿರಲಿಲ್ಲ, ತಿಂದ್ವಿ. ಈಗ ಗೊತ್ತಿದ್ದೂ ನಮ್ಮ ಕೈಯಿಂದಾನೇ ಸುತ್ತಿ ಕಳಿಸೋದು ಅಂದ್ರೆ? ನೀವು ಸುತ್ತೋದು, ನಾನು ಕಾಸೋದು. ಇಬ್ರಿಗೂ ಊಟ ಸೇರಲ್ಲ ಅಂದೆ."

ಭಾವ ಅದಾದ ಮೇಲೆ ಕೇಳಲಿಲ್ಲ.

ಒಂದು ಸಂಜೆ ಯಜಮಾನರೇ ಮನೆಗೆ ಬಂದರು. ಕರೆದೊಯ್ಯಲು ಬಂದದ್ದು. ಹೊಸಬ ಕೆಲಸದಲ್ಲಿ ಕಡಿಮೆಯಿಲ್ಲ, ಆದರೆ ಇಷ್ಟು ವರ್ಷ ಇದ್ದವರು ಹೀಗೆ ಹೋದರೆ ಮನಸ್ಸಿಗೆ ಚೆನ್ನಲ್ಲ ಎಂದರು. ಅಕ್ಕ ಟೀ ಕೊಟ್ಟಳು. ಮನೆಯಲ್ಲಿ ಸಿಹಿ ಇಡುವ ರೂಢಿ ತಪ್ಪಿ ವರ್ಷಗಳಾಗಿದ್ದರಿಂದ ಅದು ಸಪ್ಪೆ ಟೀ. ಯಜಮಾನರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಒಂದು ಸಾಲಿಗೆ ಇಷ್ಟೊಂದು ಮಾಡಬೇಕಾ ಎಂದು ಕೇಳಿದರು. ಅಕ್ಕ ಗಂಡನ ಕಡೆ ನೋಡಿದಳು. ಭಾವನ ಜೇಬಿನಲ್ಲಿ ಆ ಪೊಟ್ಟಣ ಮಡಚಿ ಇತ್ತು. ತೆಗೆದು, ಬಿಡಿಸಿ, ಶಾಲೆಯ ಹುಡುಗನ ಹಾಗೆ ಒಂದೊಂದೇ ಪದ ನಿಲ್ಲಿಸಿ ಆ ಸಾಲನ್ನು ಗಟ್ಟಿಯಾಗಿ ಓದಿದ. ಓದಿ ಯಜಮಾನರ ಕೈಗೆ ಕೊಟ್ಟ.

"ನೀವೂ ಒಂದ್ಸಲ ಓದಿ" ಎಂದ. "ಮನಸ್ಸಲ್ಲಿ ಬೇಡ. ಕೇಳೋ ಹಾಗೆ."

ಯಜಮಾನರು ಓದಲಿಲ್ಲ. ಮಡಚಿ ಜೇಬಿಗೆ ಹಾಕಿಕೊಂಡು, ಟೀ ಪೂರ್ತಿ ಕುಡಿದು, ಬರ್ತೀನಿ ಎಂದು ಎದ್ದರು.

ಮುಂದಿನದನ್ನು ಯಜಮಾನರ ಬಾಯಲ್ಲೇ ಕೇಳಬೇಕು. ಅದಾದ ಎರಡು ಮೂರು ದಿನಕ್ಕೆ ಆಲೆಮನೆಯ ಬಾಗಿಲಿಗೆ ಒಬ್ಬ ಹೆಂಗಸು ಬಂದಳಂತೆ. ಅಂಗಡಿಯಲ್ಲಿ ಪೊಟ್ಟಣ ನೋಡಿ ವಿಳಾಸ ಹುಡುಕಿಕೊಂಡು ಬಂದವಳು. ಅವಳಪ್ಪನಿಗೆ ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಇದೆ, ಸಿಹಿಯೆಂದರೆ ಪ್ರಾಣ. ಈ ಬೆಲ್ಲ ಸಿಕ್ಕಿದ್ದು ದೇವರು ಸಿಕ್ಕಂತಾಯಿತು, ಒಟ್ಟಿಗೆ ಹತ್ತಿಪ್ಪತ್ತು ಪೊಟ್ಟಣ ಬೇಕು ಎಂದಳು. ಕೊಳ್ಳುವ ಮುಂಚೆ ಸುಮ್ಮನೆ, ಖಾತ್ರಿಗೆ ಎಂಬಂತೆ ಒಂದು ಮಾತು ಕೇಳಿದಳು.

"ಅಪ್ಪನಿಗೆ ಕೊಡಬಹುದಲ್ವಾ, ಅಂದ್ಲು" ಎನ್ನುತ್ತಾರೆ ಯಜಮಾನರು. "ಹೂಂ ಅನ್ನೋಕೆ ಬಾಯಿ ತೆಗೆದೆ. ಬರಲಿಲ್ಲ. ಸಾವಿರಗಟ್ಟಲೆ ಅಚ್ಚು ಹಾಕಿಸಿದ್ದ ಮಾತು, ಒಬ್ಬಳ ಮುಖ ನೋಡಿ ಹೇಳೋಕೆ ಆಗಲಿಲ್ಲ."

ಕೊಡಬೇಡಿ ಎಂದರು. ಹೆಂಗಸು ಪೊಟ್ಟಣ ತಿರುಗಿಸಿ ಸಾಲನ್ನು ಬೆರಳಿಟ್ಟು ತೋರಿಸಿದಳು. ಅದು ತಪ್ಪು ಎಂದರು. ಅವಳು ಬರಿಗೈಯಲ್ಲಿ, ಸಿಟ್ಟು ಮಾಡಿಕೊಂಡೇ ಹೋದಳು. ಆ ಸಂಜೆ ಯಜಮಾನರು ವ್ಯಾಪಾರಿಗೆ ಫೋನು ಮಾಡಿ ಸಾಲು ತೆಗೆಸುತ್ತೇನೆ ಎಂದರು. ವ್ಯಾಪಾರಿ ಬೇಡ ಎಂದ, ಬಾಕಿ ಇದ್ದ ಸರಕು ಒಯ್ದು ಮತ್ತೆ ಬರಲಿಲ್ಲ. ಮರುದಿನ ಬೆಳಿಗ್ಗೆ ಯಜಮಾನರು ಅಕ್ಕನ ಮನೆಗೆ ಹೇಳಿಕಳಿಸಿದರು. ಹೊಸಬ ಮೊದಲಿದ್ದ ಕಡೆಗೆ ಮರಳಿದ, ಅಕ್ಕ ಮತ್ತೆ ಸೌಟು ಹಿಡಿದಳು.

ಮಿಕ್ಕಿದ್ದ ಪೊಟ್ಟಣಗಳು ಒಂದು ಕೋಣೆ ತುಂಬ ಇದ್ದವು. ಎಸೆಯಲು ಯಜಮಾನರಿಗೆ ಮನಸ್ಸು ಬರಲಿಲ್ಲ. ಅವರ ಮಗಳು ಕಪ್ಪು ಶಾಯಿಯ ಉರುಳೆ ತಂದುಕೊಟ್ಟಳು. ಅಕ್ಕ, ಭಾವ, ಯಜಮಾನರ ಮಗಳು ಮೂವರೂ ಕೂತು ಒಂದೊಂದರ ಮೇಲೂ ಆ ಸಾಲಿಗೆ ಮಸಿ ಬಳಿದರು. ಕೈ, ಮೂಗು, ಸ್ಟೂಲು ಎಲ್ಲ ಕಪ್ಪು. ಹುಡುಗಿ ಮೇಲಿನ ಮೂರು ಸಾಲುಗಳನ್ನೂ ಅಳಿಸಬೇಕಾ ಎಂದು ಕೇಳಿದಾಗ ಅಕ್ಕ ಯೋಚಿಸಿ, ಗಂಟಲಿನದು ಇರಲಿ ಎಂದಳಂತೆ. ಕೆಮ್ಮು ಬಂದಾಗ ಒಂದು ಚೂರು ಬಾಯಲ್ಲಿಟ್ಟರೆ ಹಿತವಾಗುವುದು ಅವಳ ಅನುಭವ. ಉಳಿದೆರಡರ ಬಗ್ಗೆ ನರ್ಸಮ್ಮನನ್ನು ಕೇಳಿ ನೋಡೋಣ ಎಂದಳು. ಕೇಳಿದ್ದೂ ಆಯಿತು. ಹೊಸ ಪೊಟ್ಟಣದಲ್ಲಿ ಕಬ್ಬಿಣಾಂಶ 'ಸ್ವಲ್ಪ' ಆಗಿದೆ, ಜೀರ್ಣದ ಮಾತು ಹೋಗಿದೆ. ಕೆಳಗಡೆ, ಸಕ್ಕರೆ ಕಾಯಿಲೆ ಇರುವವರಿಗೆ ಇದೂ ಸಕ್ಕರೆಯೇ, ವೈದ್ಯರನ್ನು ಕೇಳದೆ ತಿನ್ನಬೇಡಿ ಎಂದಿದೆ.

ಇದರಿಂದ ಆಲೆಮನೆಗೆ ಲಾಭವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಾಲ್ಕು ಕೊಪ್ಪರಿಗೆ ಮೂರಾದವು. ಹೊಸದಾಗಿ ಸೇರಿದ್ದವರಲ್ಲಿ ಇಬ್ಬರು ಕೆಲಸ ಬಿಟ್ಟು ಹೋಗಬೇಕಾಯಿತು. ಅವರಲ್ಲೊಬ್ಬ ಒಲೆಯವನ ಅಳಿಯ. ಒಲೆಯವನ ಹೆಂಡತಿ ಇವತ್ತಿಗೂ ಅಕ್ಕ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟುತ್ತಾಳೆ. ಅಕ್ಕನಿಗೆ ಅದು ಚುಚ್ಚುತ್ತದೆ. ಅವಳ ಸಿಟ್ಟು ನ್ಯಾಯವೇ, ಅನ್ನದ ಪ್ರಶ್ನೆ ಅಲ್ವಾ ಎನ್ನುತ್ತಾಳೆ. ಒಲೆಯವನು ಮಾತ್ರ ಬೆಳಿಗ್ಗೆ ಬಂದು ಮೊದಲಿನಂತೆಯೇ ಅವಳ ಹುಬ್ಬು ನೋಡುತ್ತಾ ಉರಿ ಹಾಕುತ್ತಾನೆ. ಈ ವಿಷಯ ತೆಗೆದರೆ, ಮಾವನಾಗಿ ಬೇಜಾರಿದೆ, ಒಲೆಯವನಾಗಿ ಇಲ್ಲ ಎಂದಷ್ಟೇ ಹೇಳಿ ಸಿಪ್ಪೆ ತರಲು ಏಳುತ್ತಾನೆ.

ಸಣ್ಣ ಸಣ್ಣ ಅಂಗಡಿಗಳವರು ಈಗ ಬಂದು ಒಯ್ಯುತ್ತಾರೆ. ಈ ಬೆಲ್ಲದ ಬಣ್ಣ ಗಾಢ ಕಂದು. ಹೊಳೆಯುವ ಹಳದಿ ಬೇಕೆನ್ನುವವರಿಗೆ ಯಜಮಾನರು ಅದಕ್ಕೆ ರಾಸಾಯನಿಕ ಹಾಕಬೇಕು, ನಾವು ಹಾಕುವುದಿಲ್ಲ ಎಂದು ಹೇಳಿ ಕಳಿಸುತ್ತಾರೆ. ಒಮ್ಮೆ ಇಲ್ಲ ಎನ್ನಲು ಕಲಿತ ಬಾಯಿಗೆ ಎರಡನೆಯ ಸಲ ಅಷ್ಟು ಕಷ್ಟವಾಗುವುದಿಲ್ಲ ಎಂದು ನಗುತ್ತಾರೆ.

ಹಾಗಾದರೆ ಬೆಲ್ಲದಲ್ಲಿ ಒಳ್ಳೆಯದೇನೂ ಇಲ್ಲವೇ ಎಂದು ಕೇಳಿದರೆ ಅಕ್ಕನಿಗೆ ಸಿಟ್ಟೇ ಬರುತ್ತದೆ. ಬೆಳಗಿನಿಂದ ಒಲೆಯ ಮುಂದೆ ಬೆಂದವರು ಒಂದು ತುಂಡು ಬಾಯಿಗೆ ಹಾಕಿ ತಣ್ಣೀರು ಕುಡಿದರೆ ಕೈಕಾಲಿಗೆ ಜೀವ ಬರುವುದನ್ನು ಅವಳು ದಿನಾ ನೋಡುತ್ತಾಳೆ. ಸಕ್ಕರೆಗೆ ಬರೀ ಸಿಹಿ ಇದೆ, ಬೆಲ್ಲಕ್ಕೆ ಮಣ್ಣಿನ, ಹೊಗೆಯ, ಕಬ್ಬಿನ ರುಚಿ ಇದೆ ಎನ್ನುತ್ತಾಳೆ. "ಬೆಲ್ಲ ಬೆಲ್ಲವಾಗಿದ್ರೆ ಸಾಕು. ಅದನ್ನ ಔಷಧಿ ಮಾಡೋಕೆ ಹೋದ್ರೆ ಎರಡೂ ಕೆಡುತ್ತೆ."

ಮಧ್ಯಾಹ್ನದ ಕೊಪ್ಪರಿಗೆಗೆ ಹಾಲು ಸುರಿಯುತ್ತಿದ್ದಾರೆ. ಭಾವ ಒಂದು ಅಚ್ಚನ್ನು ಪೊಟ್ಟಣಕ್ಕೆ ಇಳಿಸಿ ಬಾಯಿ ಮಡಚುತ್ತಾನೆ. ಅಕ್ಕನಿಗೆ ಇನ್ನೇನು ಆಸೆ ಇದೆ ಎಂದು ಕೇಳಿದಾಗ ಅವಳು ಸೌಟಿಗೆ ಅಂಟಿದ ನೊರೆ ತೊಳೆಯತೊಡಗುತ್ತಾಳೆ. ಆಸೆಯನ್ನು ಯಾರೂ ಕೇಳಿ ರೂಢಿಯಿಲ್ಲ. ಕೊನೆಗೆ, ಪಟ್ಟಣದ ದೊಡ್ಡ ಅಂಗಡಿಯೊಂದಕ್ಕೆ ಈಗ ಇವರ ಬೆಲ್ಲ ಹೋಗುತ್ತಿದೆಯಂತೆ, ತಾನು ಅಂಥ ಅಂಗಡಿಯೊಳಗೆ ಹೋದವಳೇ ಅಲ್ಲ, ಒಂದು ಸಲ ಹೋಗಬೇಕು ಎನ್ನುತ್ತಾಳೆ. ಏನೂ ಕೊಳ್ಳುವುದಕ್ಕಲ್ಲ.

"ಒಂದು ಮೂಲೇಲಿ ನಿಂತ್ಕೊಂಡು ನೋಡ್ಬೇಕು, ಯಾರು ತಗೋತಾರೆ ಅಂತ. ತಿರುಗಿಸಿ ಹಿಂದೆ ಓದ್ತಾರಾ ಅಂತ."

ಓದದೆ ಬುಟ್ಟಿಗೆ ಹಾಕಿಕೊಂಡರೆ?

ಅವಳು ತಲೆಗೆ ಬಟ್ಟೆ ಬಿಗಿದುಕೊಳ್ಳುತ್ತಾಳೆ.

"ಹತ್ರ ಹೋಗಿ ಹೇಳ್ತೀನಿ. ಇದನ್ನ ಕಾಸಿದವಳು ನಾನು, ಸ್ವಲ್ಪ ಓದಿ ತಗೊಳ್ಳಿ ಅಂತ."